ನಲವತ್ತು ದಿನ ಎಆರ್ ಕನ್ನಡಕ ಹಾಕಿದ್ದು: ಡಿಸ್‌ಪ್ಲೇ ಭಾರೀ ಲಾಯ್ಕ್, ಬಾಕಿದ್ದು ಕೇಳ್ಬೇಡಿ

ಎಆರ್ ಕನ್ನಡಕ ಅಂದ್ರೆ ಕಣ್ಣೆದುರು ಕಾಣುವುದರ ಮೇಲೇ ಅಕ್ಷರ, ಗುರ್ತು ತೋರಿಸುವ ಕನ್ನಡಕ. ಮೊದ್ಲೇ ಹೇಳ್ತೇನೆ, ಬ್ರ್ಯಾಂಡ್ ಯಾವುದು ಅಂತ ಕೇಳ್ಬೇಡಿ. ಕೇಸ್ ಗೀಸ್ ಹಾಕ್ತಾರೆ ಅಂತ ಹೆದರಿಕೆಯಲ್ಲ. ನಂಗೆ ಇದ್ರ ಸೆಕ್ಯುರಿಟಿಯಲ್ಲಿ ಎರಡು ತೂತು ಸಿಕ್ಕಿದೆ, ಕಂಪೆನಿಗೆ ಮೇಲ್ ಹಾಕಿದ್ದೇನೆ, ಸೈಬರ್ ಸುರಕ್ಷತೆ ನೋಡುವ ಸರಕಾರದ ಸಂಸ್ಥೆ ಸರ್ಟ್-ಇನ್‌ಗೂ ಬರೆದಿದ್ದೇನೆ, ಅವ್ರು ಅದನ್ನು ಮುಚ್ಚುವ ಮೊದ್ಲು ನಾನು ಹೆಸರು ಹಾಕಿದ್ರೆ ಯಾರ ಮನೆಯ ಹಿಂದಿನ ಬಾಗಿಲಿಗೆ ಚಿಲಕ ಇಲ್ಲ ಅಂತ ಕಳ್ಳನಿಗೆ ಹೇಳಿ ಕೊಟ್ಟ ಹಾಗೆ ಆಗ್ತದೆ. ಮೂರು ವಾರ ಆಯ್ತು, ಕಂಪೆನಿಯಿಂದ ಒಂದು ಟಿಕೆಟ್ ನಂಬರ್ ಬಂದಿದೆ ಅಷ್ಟೆ.

ನಾನು ಉಡುಪಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವವ. ಈ ಕನ್ನಡಕ ತಗೊಂಡದ್ದು ಶೋಕಿಗೆ ಅಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ, ನೀವೂ ಹಾಗೇ ನಂಬಿ. ಮೆಟಾದ ರೇಬಾನ್ ಕನ್ನಡಕ 2025ರ ಮೇಯಲ್ಲಿ ಇಂಡಿಯಾಕ್ಕೆ ಬಂದಾಗ 29,900ರಿಂದ ಶುರು, ಅದ್ರಲ್ಲಿ ಡಿಸ್‌ಪ್ಲೇಯೇ ಇಲ್ಲ, ಕ್ಯಾಮರಾ, ಮೈಕ್ ಮತ್ತೆ ಸ್ಪೀಕರ್ ಅಷ್ಟೆ. ನಾನು ತಗೊಂಡದ್ದಕ್ಕೆ 24,500, ಬಲಗಣ್ಣಿನ ಗ್ಲಾಸಲ್ಲಿ ಸಣ್ಣ ಹಸಿರು ಡಿಸ್‌ಪ್ಲೇ ಉಂಟು, ಕ್ಯಾಮರಾ ಉಂಟು, ರೂಮನ್ನು ಅಳೆದು ಮ್ಯಾಪ್ ಮಾಡುವ ಸೆನ್ಸರ್ ಸಹ ಉಂಟು. ನಂದು ಮೈನಸ್ ಎರಡೂವರೆ ಪವರ್, ಮಂಗಳೂರಿನ ಹಂಪನಕಟ್ಟೆಯ ಒಂದು ಆಪ್ಟಿಕಲ್ಸಲ್ಲಿ ಪವರ್ ಲೆನ್ಸ್ ಹಾಕಿಸಿದ್ದಕ್ಕೆ ಮತ್ತೆ 3,200 ಹೋಯ್ತು. ಈ ಪವರ್ ವಿಷಯ ನೆನಪಿಟ್ಕೊಳ್ಳಿ, ಕಡೆಗೆ ಬರ್ತದೆ.

ಒಳ್ಳೇದು ಹೇಳಿ ಮುಗಿಸ್ತೇನೆ. ಮದರ್‌ಬೋರ್ಡ್ ಸೋಲ್ಡರ್ ಮಾಡುವಾಗ ಸ್ಕೀಮ್ಯಾಟಿಕ್, ಅಂದ್ರೆ ಸರ್ಕ್ಯೂಟಿನ ನಕ್ಷೆ, ಕಣ್ಣೆದುರೇ ನಿಲ್ತದೆ, ಎರಡೂ ಕೈ ಖಾಲಿ, ಫೋನ್ ಮುಟ್ಟಿ ಮುಟ್ಟಿ ಸ್ಕ್ರೀನ್ ಮೇಲೆಲ್ಲ ಸೋಲ್ಡರಿಗೆ ಹಾಕುವ ಫ್ಲಕ್ಸ್ ಮೆತ್ತುದು ತಪ್ಪಿತು. ಮಂಗಳೂರಿನ ಬಂದರಿನ ಗಲ್ಲಿಗಳಲ್ಲಿ ಪಾರ್ಟ್ಸ್ ಹುಡುಕ್ಲಿಕ್ಕೆ ಹೋದಾಗ ಬಾಣದ ಗುರ್ತು ರಸ್ತೆ ಮೇಲೇ ಕಾಣ್ತದೆ, ಹತ್ತು ಜನರ ಹತ್ರ ಕೇಳ್ಬೇಕಂತ ಇಲ್ಲ. ಬ್ಯಾಟರಿ ಮೂರೂವರೆ ಗಂಟೆ, ರೆಕಾರ್ಡ್ ಮಾಡಿದ್ರೆ ಐವತ್ತು ನಿಮಿಷಕ್ಕೆ ಠುಸ್. ನಮ್ಮ ಊರಿನ ಸೆಕೆಗೆ ಮೂಗಿನ ಮೇಲೆ ನಿಲ್ಲುದೇ ಇಲ್ಲ, ಏಪ್ರಿಲಲ್ಲಿ ಎಕ್ಸ್‌ಪ್ರೆಸ್ ಬಸ್ಸಲ್ಲಿ ನಿಂತು ಸುರತ್ಕಲ್ ದಾಟುವಷ್ಟರಲ್ಲಿ ಎಂಟು ಸಲ ಮೇಲೆ ದೂಡಿದ್ದೇನೆ. ಇಷ್ಟು ಎಲ್ಲಾ ಯೂಟ್ಯೂಬ್ ರಿವ್ಯೂಲಿ ಸಿಗ್ತದೆ.

ಸಿಗದ ವಿಷಯ ಅಕ್ಕನ ಮಗನಿಂದ ಶುರು ಆದದ್ದು. ಭಾನುವಾರ ಮಧ್ಯಾಹ್ನ, ಬಂಗುಡೆ ಪುಳಿಮುಂಚಿ, ನಾನು ಊಟಕ್ಕೆ ಕೂತದ್ದು, ಅವ ಚಾವಡಿಯಲ್ಲಿ ಬಿದ್ಕೊಂಡು ಫೋನ್ ಒತ್ತುದು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಬೊಬ್ಬೆ: ಮಾವಾ, ತಲೆ ಭಾಗ ನಂಗೆ ಇಡಿ, ನೀವೇ ತಿನ್ಬೇಡಿ. ನಂಗೆ ಒಂದು ಸೆಕೆಂಡ್ ಅರ್ಥ ಆಗ್ಲಿಲ್ಲ. ಎದ್ದು ಹೋಗಿ ನೋಡಿದ್ರೆ ಅವನ ಫೋನಲ್ಲಿ ನನ್ನ ತಟ್ಟೆ. ಅವ ಅದೇ ಕಂಪೆನಿಯ ಆಪ್ ಹಾಕಿ, ಹತ್ತಿರದಲ್ಲಿ ಕನ್ನಡಕ ಉಂಟಾ ಅಂತ ಸರ್ಚ್ ಮಾಡಿದ್ದಾನೆ, ನಂದು ಸಿಕ್ಕಿದೆ, ಒತ್ತಿದ್ದಾನೆ, ಕನೆಕ್ಟ್! ಪಿನ್ ಇಲ್ಲ, ಕನ್ನಡಕದಲ್ಲಿ ಓಕೆ ಒತ್ಬೇಕು ಅಂತ ಇಲ್ಲ, ನನ್ನ ಡಿಸ್‌ಪ್ಲೇಯಲ್ಲಿ ಒಂದು ಸೂಚನೆ ಸಹ ಇಲ್ಲ. ಕನ್ನಡಕ ಇಡುವ ಬಾಕ್ಸಿಂದ ತೆಗೆದ ಮೇಲೆ ಒಂದೆರಡು ನಿಮಿಷ ಅದು ಪೇರಿಂಗಿಗೆ, ಅಂದ್ರೆ ಫೋನಿಗೆ ಜೋಡಿಸ್ಲಿಕ್ಕೆ, ಬಾಗಿಲು ತೆರೆದೇ ಇಡ್ತದೆ, ಆ ಹೊತ್ತಲ್ಲಿ ಪಕ್ಕದಲ್ಲಿ ಯಾರು ಬಂದ್ರೂ ಒಳಗೆ ಬರ್ಬಹುದು. ಮನೆಯಲ್ಲಿ ಆದ್ರೆ ತಮಾಷೆ. ಕೆಎಂಸಿ ಆಸ್ಪತ್ರೆಯ ವೇಟಿಂಗ್ ಹಾಲಲ್ಲೋ ಸಿಟಿ ಬಸ್ಸಲ್ಲೋ ಬಾಕ್ಸಿಂದ ತೆಗೆದಿದ್ರೆ ಯಾರಿಗೆ ಗೊತ್ತು. ಇದು ಒಂದನೇ ತೂತು.

ಅದಾದ ಮೇಲೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಎರಡು ರಾತ್ರಿ ಇದನ್ನೇ ಗುದ್ದಾಡಿದ್ದು.

ಎರಡನೇದು ಕ್ಯೂಆರ್. ನಮ್ಮಲ್ಲಿ ಈಗ ಎಳನೀರಿನವನಿಂದ ಹಿಡಿದು ದೇವಸ್ಥಾನದ ಹುಂಡಿವರೆಗೆ ಎಲ್ಲಾ ಕಡೆ ಕ್ಯೂಆರ್ ಅಂಟಿಸಿರ್ತಾರೆ ಅಲ್ವಾ. ಈ ಕನ್ನಡಕದಲ್ಲಿ ಒಂದು ಸೌಲಭ್ಯ ಉಂಟು, ಕಣ್ಣೆದುರು ಕ್ಯೂಆರ್ ಬಂದ್ರೆ ತಾನೇ ಓದ್ತದೆ, ತಾನೇ ತೆರೀತದೆ. ಡೀಫಾಲ್ಟ್ ಆನ್. ಪ್ರಿಂಟರಲ್ಲಿ ಒಂದು ವೈಫೈ ಕ್ಯೂಆರ್ ತೆಗೆದು, ಅಂಗಡಿಯ ಹಳೇ ರೌಟರಿಗೆ ಬೇರೆ ಹೆಸರು ಕೊಟ್ಟು, ಕ್ಯೂಆರನ್ನು ಗೋಡೆಗೆ ಅಂಟಿಸಿ ಸುಮ್ನೆ ಅದರ ಎದುರಿಂದ ನಡೆದೆ. ಮುಗೀತು. ಕನ್ನಡಕ ಆ ವೈಫೈಗೆ ಹೋಗಿ ಸೇರಿದೆ, ನಾನು ಎಂತದೂ ಒತ್ತಿಲ್ಲ. ಆ ರೌಟರಲ್ಲಿ ಕೂತು ನೋಡಿದ್ರೆ ಫೋಟೋದ ಸಣ್ಣ ಥಂಬ್‌ನೇಲ್‌ಗಳು ಲಾಕ್ ಇಲ್ಲದ ಸಾದಾ ಕನೆಕ್ಷನಲ್ಲಿ ಹೋಗ್ತಾ ಉಂಟು, ಎಲ್ಲಾ ಕಾಣ್ತದೆ. ಸಿಟ್ಟು ಬಂದದ್ದು ಎಂತಕ್ಕೆ ಅಂದ್ರೆ ಇದು ಹೊಸ ತಪ್ಪಲ್ಲ. 2013ರಲ್ಲಿ ಗೂಗಲ್ ಗ್ಲಾಸಲ್ಲಿ ಸೇಮ್ ಇದೇ ಕಥೆ: ಲುಕ್‌ಔಟ್ ಅಂತ ಸೆಕ್ಯುರಿಟಿ ಕಂಪೆನಿಯವ್ರು, ಫೋಟೋದಲ್ಲಿ ಕೆಟ್ಟ ಕ್ಯೂಆರ್ ಬಿದ್ರೆ ಗ್ಲಾಸ್ ಕಳ್ಳ ವೈಫೈಗೆ ಹೋಗಿ ಸೇರ್ತದೆ ಅಂತ ತೋರಿಸಿದ್ರು, ಗೂಗಲ್ ಆ ವರ್ಷ ಜೂನಲ್ಲೇ ಸರಿ ಮಾಡಿತು. ಇಷ್ಟು ವರ್ಷ ಆದ ಮೇಲೂ ಅದೇ ಹೊಂಡಕ್ಕೆ ಬೀಳುವುದಂದ್ರೆ ಓದ್ಲಿಕ್ಕೆ ಬರುವವರು ಒಬ್ರೂ ಇರ್ಲಿಲ್ವಾ ಅಲ್ಲಿ. ಇನ್ನು ಕನ್ನಡಕದಲ್ಲೇ ಯುಪಿಐ ಬರ್ತಾ ಉಂಟು, ರೇಬಾನ್ ಮೆಟಾದಲ್ಲಿ ಪಿನ್ ಬೇಡದ ಯುಪಿಐ ಲೈಟ್ ಮೂಲಕ ಸಣ್ಣ ಪೇಮೆಂಟ್ ಮಾಡುದನ್ನು 2025ರ ಅಕ್ಟೋಬರಲ್ಲಿ ತೋರಿಸಿದ್ದಾರೆ, ಕ್ಯೂಆರ್ ನೋಡಿ ಬಾಯಲ್ಲಿ ಹೇಳಿದ್ರೆ ಆಯ್ತು. ಒಳ್ಳೇದೇ. ಆದ್ರೆ ಅಂಗಡಿಯವನ ಸ್ಟಿಕ್ಕರ್ ಮೇಲೆ ಬೇರೆಯವನ ಸ್ಟಿಕ್ಕರ್ ಅಂಟಿಸುವ ಕಳ್ಳರು ನಮ್ಮಲ್ಲಿ ಮೊದ್ಲೇ ಇದ್ದಾರೆ, ಫೋನಲ್ಲಾದ್ರೆ ಹೆಸರು ನೋಡಿ ಪಿನ್ ಒತ್ತುತ್ತೇವೆ, ಕಣ್ಣಲ್ಲೇ ಆದ್ರೆ ಆ ಒಂದು ಕ್ಷಣದ ತಡೆ ಹೋಗ್ತದೆ. ಹಾಗಾಗಿ ಯಾವ ಕಂಪೆನಿದೇ ತಗೊಳ್ಳಿ, ಸೆಟ್ಟಿಂಗಲ್ಲಿ ಆಟೋ ಸ್ಕ್ಯಾನ್ ಅಂತ ಇದ್ರೆ ಮೊದ್ಲ ದಿನವೇ ಬಂದ್ ಮಾಡಿ. ನಂದು ಬಂದ್.

ಈಗ ನನ್ನ ನಿದ್ದೆ ಹಾಳು ಮಾಡಿದ ಭಾಗ. ಆಪಲ್ಲಿ ನನ್ನ ಡೇಟಾ ಡೌನ್‌ಲೋಡ್ ಅಂತ ಒಂದು ಬಟನ್ ಉಂಟು, ನಾಲ್ಕು ಮೆನು ಒಳಗೆ ಅಡಗಿಸಿ ಇಟ್ಟಿದ್ದಾರೆ. ಒತ್ತಿದೆ, ಎರಡು ದಿನ ಬಿಟ್ಟು ಒಂದು ಜಿಪ್ ಫೈಲ್ ಬಂತು. ನೀವು ಯಾವ ಎಆರ್ ಸಾಮಾನು ಇಟ್ಕೊಂಡಿದ್ರೂ ಇದನ್ನೊಂದು ಮಾಡಿ, ರಿವ್ಯೂ ಓದುವುದಕ್ಕಿಂತ ಅದು ಲಾಯ್ಕ್. ಒಳಗೆ ನಾನು ಬೇಕಂತ ತೆಗೆದ ವಿಡಿಯೋ ಮಾತ್ರ ಇದೆ ಅಂತ ಗ್ರಹಿಸಿದ್ದೆ. ಎಂತ ಇಲ್ಲ ಅಂತ ಕೇಳಿ. ಕನ್ನಡಕದ ಒಳಗಿನ ಮಾತಾಡುವ ಅಸಿಸ್ಟೆಂಟಿಗೆ ಇದೆಂತದು ಅಂತ ಕೇಳಿದಾಗೆಲ್ಲ ಅದು ಒಂದು ಫೋಟೋ ತೆಗೆದು ಸರ್ವರಿಗೆ ಕಳಿಸಿದೆ, ಅದೂ ಇಟ್ಕೊಂಡಿದೆ. ಸಿಂಕ್ ಆನ್ ಇದ್ದದ್ರಿಂದ ಕ್ಲಿಪ್ಪೆಲ್ಲ ಕ್ಲೌಡಿಗೆ. ಒಂದ್ರಲ್ಲಿ ನಾನೇ ಎಟಿಎಮ್ಮಲ್ಲಿ ಪಿನ್ ಒತ್ತುವುದು, ಅಂಕೆ ನಾಲ್ಕೂ ಸ್ಪಷ್ಟ. ಹಿಂದೆ ನಿಂತವನಿಗೆ ಕಾಣ್ಬಾರ್ದು ಅಂತ ಎಡಗೈ ಅಡ್ಡ ಇಟ್ಟಿದ್ದೇನೆ, ಮೇಲಿಂದ ನನ್ನ ಕನ್ನಡಕವೇ ನೋಡ್ತಾ ಉಂಟು! ಇನ್ನೊಂದ್ರಲ್ಲಿ ಫೋನಲ್ಲಿ ಬಂದ ಓಟಿಪಿ. ಮತ್ತೊಂದ್ರಲ್ಲಿ, ಇದು ನಿಜವಾಗಿ ನಾಚಿಕೆ ಆದದ್ದು, ಗಿರಾಕಿಯೊಬ್ರು ಲ್ಯಾಪ್‌ಟಾಪ್ ಜೊತೆ ಕೊಟ್ಟ ಚೀಟಿ, ಅದ್ರಲ್ಲಿ ಅವ್ರ ಪಾಸ್‌ವರ್ಡ್, ಪಕ್ಕದಲ್ಲಿ ಜೆರಾಕ್ಸಿಗೆ ಅಂತ ಇಟ್ಟ ಪ್ಯಾನ್ ಕಾರ್ಡ್. ಅವ್ರು ನನ್ನನ್ನು ನಂಬಿ ಕೊಟ್ಟದ್ದು, ನಾನು ಗೊತ್ತಿಲ್ಲದೆ ಯಾವುದೋ ದೇಶದ ಸರ್ವರಿಗೆ ಕೊಟ್ಟದ್ದು. ಆ ಗಿರಾಕಿಗೆ ಫೋನ್ ಮಾಡಿ ಹೇಳಿದೆ, ಪಾಸ್‌ವರ್ಡ್ ಬದಲಿಸಿ ಅಂತ. ಅವ್ರು ಮೊದ್ಲು ನಗಾಡಿದ್ರು, ಕಡೆಗೆ ಸುಮ್ನಾದ್ರು. ಆ ಸುಮ್ನೆ ಆದದ್ದು ಇನ್ನೂ ಕಿವಿಯಲ್ಲಿ ಉಂಟು.

ಎಲ್ರೂ ಈ ಕನ್ನಡಕ ಹಾಕಿದವ ಬೇರೆಯವರನ್ನು ಕದ್ದು ನೋಡ್ತಾನೆ ಅಂತ ಹೇಳ್ತಾರೆ. ಸರಿಯೇ, ಆದ್ರೆ ಹಾಕಿದವನ ಗುಟ್ಟೇ ಮೊದ್ಲು ಹೋಗುದು. ನೀವು ದಿನದಲ್ಲಿ ಎಂತ ಎಂತ ಓದ್ತೀರಿ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿ.

ಮನೆ ಮ್ಯಾಪ್ ವಿಷಯ ಸಹ ಹಾಗೇ. ಗೋಡೆಗೆ ನೋಟ್ ಅಂಟಿಸ್ಲಿಕ್ಕೆ ಆಗ್ತದೆ ಅಂತ ಚಾವಡಿಯಿಂದ ಅಡುಗೆ ಮನೆವರೆಗೆ ಸುತ್ತಿಸಿ ಮ್ಯಾಪ್ ಮಾಡಿದ್ದೆ. ಅದು ಫೋಟೋ ಅಲ್ಲ, ಬರೀ ಚುಕ್ಕಿಗಳು, ರಂಗೋಲಿ ಹಾಕುವ ಮೊದ್ಲು ಚುಕ್ಕಿ ಇಟ್ಟ ಹಾಗೆ, ಇದ್ರಲ್ಲಿ ಎಂತ ಉಂಟು ಅಂತ ಕಾಣುದು ಸಹಜ. ಆದ್ರೆ 2019ರಲ್ಲೇ ಸಂಶೋಧಕರು ಇಂತ ಚುಕ್ಕಿಗಳನ್ನು ನ್ಯೂರಲ್ ನೆಟ್‌ವರ್ಕ್ ಅನ್ನುವ ಎಐ ಪ್ರೋಗ್ರಾಮಿಗೆ ಹಾಕಿ ಕೋಣೆಯ ಚಿತ್ರವನ್ನೇ ವಾಪಸ್ ಬಿಡಿಸಿ ತೋರಿಸಿದ್ದಾರೆ, ಸಾಮಾನು ಸರಂಜಾಮು ಗುರ್ತು ಸಿಗುವಷ್ಟು. ನಮ್ಮ ಮನೆಯ ಗೋದ್ರೇಜ್ ಕಪಾಟು ಯಾವ ಮೂಲೆಯಲ್ಲಿ, ಹಿಂದಿನ ಬಾಗಿಲು ಎಲ್ಲಿ, ಎಲ್ಲಾ ಆ ಚುಕ್ಕಿಯಲ್ಲಿ ಉಂಟು. ಈಗ ಅಂಗಡಿಯ ಬೆಂಚ್ ಒಂದನ್ನೇ ಮ್ಯಾಪ್ ಮಾಡಿ ಇಟ್ಟಿದ್ದೇನೆ, ಮನೆದು ಅಳಿಸಿದೆ. ಅಳಿಸಿದೆ ಅಂತ ಗ್ರಹಿಸಿದ್ದೆ, ಅದು ಮುಂದೆ ಹೇಳ್ತೇನೆ.

ಅಗ್ಗದ ಮಾಲು ಹಾಗಾಗಿ ಹೀಗೆ, ದೊಡ್ಡ ಕಂಪೆನಿದು ತಗೊಂಡ್ರೆ ಆಯ್ತಲ್ಲ ಅಂತ ಅಕ್ಕನ ಮಗ ಹೇಳಿದ. ಇಲ್ಲ ಮಾರಾಯ್ರೆ. ಆಪಲ್ ವಿಷನ್ ಪ್ರೋ, ತಲೆಗೆ ಕಟ್ಟುವ ಹೆಡ್‌ಸೆಟ್, 3,499 ಡಾಲರಿನ ಸಾಮಾನು. ಅದ್ರಲ್ಲಿ ಕೀಬೋರ್ಡಿನ ಅಕ್ಷರ ಕಣ್ಣಲ್ಲೇ ನೋಡಿ ಟೈಪ್ ಮಾಡುದು. ವಿಡಿಯೋ ಕಾಲಲ್ಲಿ ನಿಮ್ಮ ಬದಲು ನಿಮ್ಮ ಗೊಂಬೆ ಕಾಣ್ತದೆ, ಆ ಗೊಂಬೆಯ ಕಣ್ಣು ಹೊರಳುವುದನ್ನು ನೋಡಿಯೇ ನೀವು ಎಂತ ಟೈಪ್ ಮಾಡಿದ್ರಿ ಅಂತ ಊಹಿಸ್ಬಹುದು ಅಂತ 2024ರಲ್ಲಿ ಸಂಶೋಧಕರು ತೋರಿಸಿದ್ರು, ಗೇಜ್‌ಪ್ಲಾಯ್ಟ್ ಅಂತ ಹೆಸರು. ಆಪಲ್ ಅದನ್ನು ಆ ಹೆಡ್‌ಸೆಟ್ಟಿನ ಸಾಫ್ಟ್‌ವೇರ್ ವಿಷನ್ಓಎಸ್ 1.3ರಲ್ಲಿ ಮುಚ್ಚಿತು, ಟೈಪ್ ಮಾಡುವಾಗ ಗೊಂಬೆಯನ್ನೇ ನಿಲ್ಲಿಸ್ತದೆ ಈಗ. ಅದೇ ವರ್ಷ ಇನ್ನೊಬ್ಬ, ರಯಾನ್ ಪಿಕ್ರೆನ್ ಅಂತ, ಒಂದು ವೆಬ್‌ಸೈಟ್ ತೆರೆದ ಕೂಡ್ಲೇ ಕೋಣೆ ತುಂಬ ಜೇಡ, ಬಾವಲಿ ಬರುವ ಹಾಗೆ ಮಾಡಿ ತೋರಿಸಿದ. ಬ್ರೌಸರ್ ಮುಚ್ಚಿದ್ರೂ ಹೋಗುದಿಲ್ಲ, ಒಂದೊಂದನ್ನೇ ಹೋಗಿ ಮುಟ್ಟಿ ಓಡಿಸ್ಬೇಕು. ಓದುವಾಗ ನಗು ಬರ್ತದೆ, ಆದ್ರೆ ನೀವು ಅದನ್ನು ಹಾಕಿ ಮೆಟ್ಟಲು ಇಳೀತಾ ಇದ್ರೆ? ಕಣ್ಣೆದುರು ಕಾಣುದನ್ನೇ ಬದಲಿಸ್ಲಿಕ್ಕೆ ಆಗ್ತದೆ ಅಂದ್ರೆ ಕಾಲು ಜಾರಿಸ್ಲಿಕ್ಕೂ ಆಗ್ತದೆ, ಫೋನ್ ಹ್ಯಾಕ್ ಆದ್ರೆ ಇಂತ ಹೆದರಿಕೆ ಇಲ್ಲ. ದೊಡ್ಡವರಿಗೂ ಸಣ್ಣವರಿಗೂ ಇರುವ ವ್ಯತ್ಯಾಸ ತೂತು ಇರುದು ಇಲ್ಲದ್ದು ಅಲ್ಲ, ತೂತು ತೋರಿಸಿದ್ರೆ ಮುಚ್ತಾರಾ ಅನ್ನುದು. ಹಾಗಾಗಿ ತಗೊಳ್ಳುವಾಗ ಮೆಗಾಪಿಕ್ಸೆಲ್ ನೋಡುವ ಮೊದ್ಲು ಕೊನೆಯ ಸಾಫ್ಟ್‌ವೇರ್ ಅಪ್‌ಡೇಟ್ ಯಾವಾಗ ಬಂದದ್ದು ಅಂತ ನೋಡಿ. ನಂದಕ್ಕೆ ನಾನು ತಗೊಂಡ ಮೇಲೆ ಒಂದೂ ಬಂದಿಲ್ಲ.

ಆಪ್ ಪರ್ಮಿಷನ್ ಬಗ್ಗೆ ಎರಡು ಮಾತು. ಇನ್‌ಸ್ಟಾಲ್ ಮಾಡುವಾಗ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಎಸ್ಎಮ್ಎಸ್, ಇಪ್ಪತ್ನಾಲ್ಕು ಗಂಟೆ ಲೊಕೇಶನ್, ಎಲ್ಲಾ ಕೇಳ್ತದೆ, ಮದುವೆ ಮಾತುಕತೆಗೆ ಬಂದ ಹಾಗೆ. ಎಸ್ಎಮ್ಎಸ್ ಕೊಡ್ಲಿಲ್ಲ, ಕಾಲ್ ಲಾಗ್ ಕೊಡ್ಲಿಲ್ಲ, ಲೊಕೇಶನ್ ಆಪ್ ಬಳಸುವಾಗ ಮಾತ್ರ ಅಂತ ಇಟ್ಟೆ, ಕನ್ನಡಕ ಚೆಂದಕ್ಕೆ ಓಡ್ತದೆ. ನೋಟಿಫಿಕೇಶನಲ್ಲಿ ವಾಟ್ಸಾಪ್ ಮತ್ತೆ ಕರೆ ಮಾತ್ರ, ಬ್ಯಾಂಕಿನ ಆಪ್ ಎಲ್ಲಾ ತೆಗೆದೆ. ಲಾಗಿನ್‌ಗೆ ನನ್ನ ಮುಖ್ಯ ಗೂಗಲ್ ಅಕೌಂಟ್ ಕೊಡ್ಲಿಲ್ಲ, ಬೇರೆ ಒಂದು ಮಾಡಿ ಕೊಟ್ಟೆ. ಅದು ಬುದ್ಧಿ ಬಂದದ್ದು 2016ರ ಪೋಕೆಮಾನ್ ಗೋ ಅನ್ನುವ ಎಆರ್ ಗೇಮಿನ ಕಾಲದಲ್ಲಿ, ನೆನಪುಂಟಾ, ಎಲ್ರೂ ಕದ್ರಿ ಪಾರ್ಕಲ್ಲಿ ಫೋನ್ ಹಿಡ್ಕೊಂಡು ತಿರುಗಾಡ್ತಾ ಇದ್ದದ್ದು. ಶುರುವಲ್ಲಿ ಐಫೋನಲ್ಲಿ ಆ ಗೇಮ್ ಪೂರಾ ಗೂಗಲ್ ಅಕೌಂಟಿಗೆ ಪರ್ಮಿಷನ್ ತಗೊಳ್ತಾ ಇತ್ತು, ಕಂಪೆನಿ ಅದು ತಪ್ಪಿ ಆದದ್ದು, ನಾವು ಮೇಲ್ ಐಡಿ ಬಿಟ್ಟು ಬೇರೆ ಎಂತ ನೋಡಿಲ್ಲ ಅಂತ ಹೇಳಿ ಸರಿ ಮಾಡಿತು. ಆಗಲೇ ಆಂಡ್ರಾಯ್ಡಿಗೆ ಅದೇ ಗೇಮಿನ ನಕಲಿ ಎಪಿಕೆ, ಅಂದ್ರೆ ಆಪ್ ಹಾಕುವ ಫೈಲ್, ಬಂದಿತ್ತು, ಒಳಗೆ ಫೋನನ್ನು ದೂರದಿಂದಲೇ ಹಿಡಿತಕ್ಕೆ ತಗೊಳ್ಳುವ ಡ್ರಾಯ್ಡ್‌ಜ್ಯಾಕ್ ಅನ್ನುವ ಕಳ್ಳ ಸಾಫ್ಟ್‌ವೇರ್. ಎಪಿಕೆ ವಾಟ್ಸಾಪಲ್ಲಿ ಬಂದ್ರೆ ಇವತ್ತಿಗೂ ಅದೇ ಹಣೆಬರಹ, ಪ್ಲೇಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಹಾಕ್ಬೇಡಿ. ಮನೆಯ ವೈಫೈಯಲ್ಲಿ ಗೆಸ್ಟ್ ನೆಟ್‌ವರ್ಕ್ ಮಾಡಿ ಕನ್ನಡಕವನ್ನು ಅದಕ್ಕೆ ಹಾಕಿದ್ದೇನೆ, ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಇರುವ ಲೈನಿಗೆ ಅಲ್ಲ. ರೌಟರಲ್ಲಿ ಐದು ನಿಮಿಷದ ಕೆಲ್ಸ.

ಇನ್ನು ಬೇರೆಯವರ ವಿಷಯ. ಮಲ್ಪೆಯಲ್ಲಿ ಮೀನು ತಗೊಳ್ಳುವಾಗ ಒಬ್ರು ಅಮ್ಮ ತೂಕ ಹಾಕುದು ನಿಲ್ಲಿಸಿ, ದಾದ ಮಾರಾಯ ಅವು ಲೈಟ್ ಅಂತ ತುಳುವಲ್ಲಿ ಕೇಳಿದ್ರು, ಎಂತ ಮಾರಾಯ ಆ ಲೈಟ್ ಅಂತ. ರೆಕಾರ್ಡಿಂಗ್ ಲೈಟ್ ಅದು, ಕೈ ತಾಗಿ ಆನ್ ಆಗಿತ್ತು. ವಿವರಿಸಿದೆ, ಅವ್ರಿಗೆ ಸಿಟ್ಟು ಬಂತು, ಬರ್ಬೇಕಾದ್ದೇ. ಮನೆಗೆ ಬಂದು ಲೈಟಿಗೆ ಕಪ್ಪು ಟೇಪ್ ಅಂಟಿಸಿ ನೋಡಿದೆ, ಆರಾಮಲ್ಲಿ ರೆಕಾರ್ಡ್ ಆಗ್ತದೆ. ರೇಬಾನ್ ಮೆಟಾದಲ್ಲಿ ಲೈಟ್ ಮುಚ್ಚಿದ್ರೆ ರೆಕಾರ್ಡ್ ಆಗ್ದ ಹಾಗೆ ಮಾಡಿದ್ದಾರೆ, ಅದನ್ನೂ ದುಡ್ಡು ತಗೊಂಡು ಕೆಡಿಸಿ ಕೊಡುವವ ಅಮೆರಿಕದಲ್ಲಿ ಇದ್ದಾನೆ ಅಂತ 2025ರಲ್ಲಿ ಸುದ್ದಿ ಆಗಿತ್ತು. 2024ರಲ್ಲಿ ಹಾರ್ವರ್ಡಿನ ಇಬ್ರು ಹುಡುಗ್ರು ಅದೇ ರೇಬಾನ್ ಮೆಟಾ ಹಾಕಿ ದಾರಿಯಲ್ಲಿ ಸಿಕ್ಕಿದವರ ಮುಖವನ್ನು ಪಿಮ್‌ಐಸ್ ಅನ್ನುವ, ಮುಖ ನೋಡಿ ಹುಡುಕುವ ಸರ್ಚ್‌ಗೆ ಕೊಟ್ಟು, ಹೆಸರು ವಿಳಾಸ ತೆಗೆದು ತೋರಿಸಿದ್ರು, ಐ-ಎಕ್ಸ್‌ರೇ ಅಂತ ಹೆಸರಿಟ್ಟಿದ್ರು. ಕೋಡ್ ಯಾರಿಗೂ ಕೊಡ್ಲಿಲ್ಲ, ಇಂತ ಸರ್ಚಿಂದ ನಮ್ಮ ಮುಖ ತೆಗೆಸುದು ಹೇಗೆ ಅಂತ ಬರೆದು ಹಾಕಿದ್ರು, ಒಳ್ಳೇ ಹುಡುಗ್ರು. ಎಲ್ಲಾ ಹುಡುಗ್ರೂ ಹಾಗೆ ಇರ್ತಾರಾ. ಕಾನೂನು ಉಂಟಲ್ಲ ಅಂದ್ರೆ, ನಮ್ಮ 2023ರ ಡೇಟಾ ರಕ್ಷಣೆ ಕಾಯ್ದೆ ಕಂಪೆನಿಗಳಂತವರಿಗೆ ಅಂತ ಮಾಡಿದ್ದು, ಒಬ್ಬ ಮನುಷ್ಯ ಸ್ವಂತಕ್ಕೆ, ಮನೆ ಮಟ್ಟಿಗೆ ಬಳಸಿದ್ರೆ ಅದು ಬರುದಿಲ್ಲ. ಅಂದ್ರೆ ಮೀನಿನ ಅಮ್ಮನಿಗೆ ನನ್ನ ಮರ್ಯಾದೆಯೇ ಗತಿ.

ಮುಖ ಮುಚ್ಚಿದ್ರೂ ತಪ್ಪಿಸ್ಕೊಳ್ಳಲಿಕ್ಕೆ ಆಗುದಿಲ್ಲ ಅನ್ನುದು ಇನ್ನೊಂದು. ಇದು ಕಣ್ಣು ಪೂರಾ ಮುಚ್ಚುವ ವಿಆರ್ ಹೆಡ್‌ಸೆಟ್ಟಿನ ಲೆಕ್ಕ, ಆದ್ರೆ ಸೆನ್ಸರ್ ಎಲ್ಲಾ ಒಂದೇ ಜಾತಿದು. 2023ರಲ್ಲಿ ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯವರು ಬೀಟ್ ಸೇಬರ್ ಅನ್ನುವ ವಿಆರ್ ಗೇಮ್ ಆಡುವ 55 ಸಾವಿರಕ್ಕೂ ಹೆಚ್ಚು ಜನರ ತಲೆ, ಕೈ ಅಲ್ಲಾಡುವ ಡೇಟಾ ತಗೊಂಡು, 100 ಸೆಕೆಂಡ್ ಚಲನೆಯಲ್ಲೇ ಇವ ಇವನೇ ಅಂತ ಶೇ. 94ರಷ್ಟು ಸರಿ ಹೇಳಿದ್ರು. ನಮ್ಮಲ್ಲಿ ಅಜ್ಜಿಯಂದಿರು ದೂರದಿಂದ ನಡಿಗೆ ನೋಡಿ ಇಂತವರ ಮಗ ಅಂತ ಹೇಳುದಿಲ್ವಾ, ಹಾಗೇ. ಪಾಸ್‌ವರ್ಡಾದ್ರೆ ಬದಲಿಸ್ಬಹುದು, ನಡಿಗೆ ಹೇಗೆ ಬದಲಿಸುದು.

ಈಗ ಆ ಪವರ್ ಲೆನ್ಸಿನ ವಿಷಯ, ಇದನ್ನು ಯಾವ ರಿವ್ಯೂ ಸಹ ಹೇಳ್ಲಿಲ್ಲ ನಂಗೆ. ಬ್ಯಾಂಕಿಗೆ, ಎಟಿಎಮ್ಮಿಗೆ, ಡಾಕ್ಟ್ರ ಹತ್ರ ಹೋಗುವಾಗ ತೆಗೆದಿಡಿ ಅಂತ ಎಲ್ರೂ ಸಲಹೆ ಕೊಡ್ತಾರೆ. ತೆಗೆದ್ರೆ ನಂಗೆ ಕಾಣ್ಬೇಕಲ್ಲ! ಕೃಷ್ಣ ಮಠಕ್ಕೆ ಹೋದ ದಿನ ಅಂಗಿ ತೆಗೆದು ಹೋಗುವ ಜಾಗದಲ್ಲಿ ಕನ್ನಡಕ ತೆಗಿಲಿಕ್ಕೆ ಎಂತ ದೊಡ್ಡದು ಅಂತ ತೆಗೆದು ಚೀಲಕ್ಕೆ ಹಾಕಿ ಒಳಗೆ ಹೋದೆ, ಕಿಂಡಿಯಲ್ಲಿ ಇಣುಕಿದ್ರೆ ದೇವರು ದೀಪ ಎಲ್ಲಾ ಒಂದೇ ಮುದ್ದೆ. ಕೈ ಮುಗಿದು ಬಂದೆ, ಅವನಿಗೆ ನಾನು ಕಂಡಿರ್ಬೇಕು. ಅವತ್ತಿಂದ ಕಿಸೆಯಲ್ಲಿ ಸಾದಾ ಕನ್ನಡಕ ಒಂದು, ಅಂಗಡಿಯಲ್ಲಿ ಗಿರಾಕಿ ಬಂದ್ರೆ ಅದು, ಸೋಲ್ಡರಿಗೆ ಕೂತ್ರೆ ಇದು. ಎಆರ್ ಕನ್ನಡಕಕ್ಕೆ ಪವರ್ ಹಾಕಿಸುವವರು ಸಾದಾದ್ದನ್ನೂ ಬಜೆಟ್ಟಲ್ಲಿ ಸೇರಿಸ್ಕೊಳ್ಳಿ.

ಯಾರಿಗೆ ಆಗ್ಬಹುದು? ಬೆಂಚಲ್ಲಿ ಕೂತು ಕೆಲ್ಸ ಮಾಡುವವರಿಗೆ, ಕ್ಲೌಡ್ ಸಿಂಕ್ ಬಂದ್ ಮಾಡಿ, ಕ್ಯೂಆರ್ ಬಂದ್ ಮಾಡಿ ಬಳಸುವ ತಾಳ್ಮೆ ಇದ್ದವರಿಗೆ. ಅಮ್ಮ ಅಪ್ಪನಿಗೆ ಗಿಫ್ಟ್ ಕೊಡ್ಲಿಕ್ಕೆ ಖಂಡಿತ ಬೇಡ, ಮಕ್ಕಳಿಗೆ ಅಂತೂ ಬೇಡವೇ ಬೇಡ. ಡಿಸ್‌ಪ್ಲೇಗೆ 5ರಲ್ಲಿ ನಾಲ್ಕು, ಸೆಕ್ಯುರಿಟಿಗೆ ಒಂದು, ಅದೂ ಡೇಟಾ ಡೌನ್‌ಲೋಡ್ ಬಟನ್ ಇಟ್ಟದ್ದಕ್ಕೆ. ಈಗಾಗ್ಲೇ ತಗೊಂಡು, ಯಾರಾದ್ರೂ ಮೋಸ ಮಾಡಿ ದುಡ್ಡು ಗಿಡ್ಡು ಹೋಗಿದ್ರೆ ನಾಚಿಕೆ ಮಾಡ್ಬೇಡಿ, ಕೂಡ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಆದಷ್ಟು ದುಡ್ಡು ಮುಂದೆ ಮುಂದೆ ಹೋಗ್ತದೆ.

ಮಾರಿಬಿಡುವ ಅಂತ ಮೊನ್ನೆ ನೋಡಿದ್ದೆ, ಮಣಿಪಾಲದ ಒಬ್ಬ ಸ್ಟೂಡೆಂಟ್ 15 ಸಾವಿರಕ್ಕೆ ಕೇಳಿದ್ದ. ಫ್ಯಾಕ್ಟರಿ ರೀಸೆಟ್ ಮಾಡಿ, ಸುಮ್ನೆ ಚೆಕ್ ಮಾಡುವ ಅಂತ ನನ್ನ ಅಕೌಂಟಲ್ಲೇ ವಾಪಸ್ ಲಾಗಿನ್ ಆದೆ. ಕನ್ನಡಕ ಹಾಕಿ ಚಾವಡಿಯಲ್ಲಿ ನಿಂತ ಕೂಡ್ಲೇ ಗೋಡೆ ಮೇಲೆ ಹಸಿರು ಅಕ್ಷರದಲ್ಲಿ ಬಂತು: ಗ್ಯಾಸ್ ಬುಕ್ ಮಾಡು. ಒಂದು ತಿಂಗಳ ಹಿಂದೆ ನಾನೇ ಅಂಟಿಸಿದ ನೋಟು. ನಾನು ಅಳಿಸಿದ್ದೆ ಅಂತ ಹೇಳಿದ ಮನೆಯ ಮ್ಯಾಪ್ ಸರ್ವರಲ್ಲಿ ಆರಾಮ ಕೂತಿತ್ತು, ನಾನು ಅಳಿಸಿದ್ದು ಕನ್ನಡಕದ ಒಳಗಿನ ಕಾಪಿ ಮಾತ್ರ. ಪೂರ್ತಿ ಹೋಗ್ಬೇಕಾದ್ರೆ ಅಕೌಂಟನ್ನೇ ಡಿಲೀಟ್ ಮಾಡ್ಬೇಕು, ಅದಕ್ಕೆ ಮೇಲ್ ಹಾಕ್ಬೇಕು, 30 ದಿನ ಕಾಯ್ಬೇಕು. ಇವತ್ತಿಗೆ ಹನ್ನೊಂದನೇ ದಿನ. ಆ ಹುಡುಗನಿಗೆ ಬೇಡ ಮಾರಾಯ ಅಂತ ಹೇಳಿದೆ, ಕನ್ನಡಕ ಲೆನ್ಸಿಗೆ ಇನ್ಸುಲೇಶನ್ ಟೇಪ್ ಹಾಕಿ ಬೆಂಚಿನ ಡ್ರಾಯರಲ್ಲಿ ಉಂಟು. ಗ್ಯಾಸ್ ಬುಕ್ ಮಾಡ್ಲಿಕ್ಕೆ ಬಾಕಿಯೇ ಉಂಟು.